ಠೇವಣಿ ವಿಮೆ (ಭಾರತ)

ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಸಿಗುವ ಕಾನೂನುಬದ್ಧ ರಕ್ಷಣೆ. 1960ರಲ್ಲಿ ಕೇರಳದ ಪಲೈ ಸೆಂಟ್ರಲ್ ಬ್ಯಾಂಕ್ ಕುಸಿದು ಜನ ಕಂಗಾಲಾದ ಮೇಲೆ 1961ರಲ್ಲಿ ಕಾಯ್ದೆ ಬಂತು. 1962ರ ಜನವರಿ 1ರಂದು ವಿಮಾ ನಿಗಮ ಆರಂಭವಾಯಿತು. ಇಂದಿನ ಹೆಸರು ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ. ಇದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. ಮೊದಲಿಗೆ 1,500 ರೂಪಾಯಿ ಇದ್ದ ವಿಮಾ ಮಿತಿ 1993ರಲ್ಲಿ 1 ಲಕ್ಷಕ್ಕೆ, 2020ರ ಫೆಬ್ರವರಿ 4ರಿಂದ 5 ಲಕ್ಷಕ್ಕೆ ಏರಿತು. ನಡುವಿನ 27 ವರ್ಷ ಮಿತಿ ಕದಲಲಿಲ್ಲ. ವಿಮಾ ಕಂತು ಕಟ್ಟುವುದು ಬ್ಯಾಂಕು, ಗ್ರಾಹಕರಲ್ಲ.

ಮಿತಿಯ ಲೆಕ್ಕ ಖಾತೆಗಲ್ಲ, ಒಂದು ಬ್ಯಾಂಕಿನಲ್ಲಿ ಒಬ್ಬ ವ್ಯಕ್ತಿಗೆ. ಅಸಲು, ಬಡ್ಡಿ ಎರಡೂ ಸೇರಿ. ಉಳಿತಾಯ ಖಾತೆಯಲ್ಲಿ 3 ಲಕ್ಷ, ಅದೇ ಬ್ಯಾಂಕಿನ ಬೇರೆ ಶಾಖೆಯಲ್ಲಿ ಸ್ವಂತ ಅಂಗಡಿಯ ಚಾಲ್ತಿ ಖಾತೆಯಲ್ಲಿ 4 ಲಕ್ಷ ಇಟ್ಟವರಿಗೆ ಸಿಗುವುದು 5 ಲಕ್ಷವೇ. ಪಾಲುದಾರಿಕೆ ಸಂಸ್ಥೆಯ ಖಾತೆಗೆ ಪ್ರತ್ಯೇಕ ಮಿತಿಯುಂಟು. 2021ರ ತಿದ್ದುಪಡಿಯಂತೆ, ಹಣ ಹಿಂತೆಗೆತಕ್ಕೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದರೆ ಸಾಮಾನ್ಯವಾಗಿ 90 ದಿನಗಳೊಳಗೆ ವಿಮಾ ಹಣ ಕೈಸೇರಬೇಕು.

ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಆದರೆ ಕರ್ನಾಟಕದ ಊರೂರಲ್ಲಿರುವ ಪತ್ತಿನ ಸಹಕಾರ ಸಂಘಗಳು, ಪತ್ತಿನ ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ. ಅಲ್ಲಿನ ಠೇವಣಿಗೆ ಈ ರಕ್ಷಣೆ ಇಲ್ಲ.