ರಂಜಕದಿಂದ ಮಲ್ಟಿವಿಟಮಿನ್‌ವರೆಗೆ: ನೆನಪಿನ ಮಾತ್ರೆಯ ಚರಿತ್ರೆ

ನೆನಪಿನ ಶಕ್ತಿಯನ್ನು ಡಬ್ಬಿಯಲ್ಲಿಟ್ಟು ಮಾರುವುದು ನಮ್ಮ ಕಾಲದವರು ಕಂಡುಕೊಂಡ ವ್ಯಾಪಾರವಲ್ಲ. ವಸಾಹತು ಕಾಲದ ಜಾಹೀರಾತುಗಳು ನನ್ನ ಸಂಶೋಧನೆಯ ವಿಷಯ. ಹಾಗಾಗಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ಮೈಕ್ರೋಫಿಲ್ಮ್ ಮುಂದೆ ದಿನಗಟ್ಟಲೆ ಕೂರುತ್ತೇನೆ. ಯುದ್ಧದ ಸುದ್ದಿ, ಹತ್ತಿಯ ಧಾರಣೆ, ಹಡಗುಗಳ ವೇಳಾಪಟ್ಟಿಯ ಪಕ್ಕದಲ್ಲಿ ಸನಾಟೋಜೆನ್ ಎಂಬ ಪುಡಿ ಮತ್ತೆ ಮತ್ತೆ ಎದುರಾಗುತ್ತದೆ. ದಣಿದ ನರಗಳಿಗೆ, ದಣಿದ ಮೆದುಳಿಗೆ ಟಾನಿಕ್! ಇಂದು ಹಾಸ್ಟೆಲಿನ ಮೇಜುಗಳ ಮೇಲೆ ಕೂತಿರುವ ‘ಫೋಕಸ್’ ಕ್ಯಾಪ್ಸೂಲಿಗೂ ಆ ಪುಡಿಗೂ ನಡುವೆ ನೂರು ವರ್ಷಕ್ಕಿಂತ ಹೆಚ್ಚಿನ ಅಂತರವಿದೆ. ಜಾಹೀರಾತಿನ ಮಾತು ಮಾತ್ರ ಅಷ್ಟು ದೂರ ಬಂದಂತಿಲ್ಲ.

ಈ ಕಥೆ ಶುರುವಾಗುವುದು ರಂಜಕದಿಂದ. ಮೆದುಳಿನಲ್ಲಿ ರಂಜಕವಿದೆ ಎಂದು ಜರ್ಮನಿಯ ಹೆನ್ಸಿಂಗ್ 1719ರಲ್ಲಿಯೇ ತೋರಿಸಿದ್ದ. 19ನೆಯ ಶತಮಾನದ ನಡುವಿನಲ್ಲಿ ಮೋಲೆಷಾಟ್ ಎಂಬ ಶರೀರಶಾಸ್ತ್ರಜ್ಞ ಒಂದು ಹೆಜ್ಜೆ ಮುಂದೆ ಹೋಗಿ, ರಂಜಕವಿಲ್ಲದೆ ಆಲೋಚನೆಯೇ ಸಾಧ್ಯವಿಲ್ಲ ಎಂದು ವಾದಿಸಿದ. ಅವನದು ಭೌತವಾದದ ಘೋಷಣೆ. ಆತ್ಮವನ್ನು ಬದಿಗಿಟ್ಟು ಮನುಷ್ಯನನ್ನು ವಿವರಿಸುವ ಹಟ. ಆದರೆ ಜನರ ಕಿವಿಗೆ ಅದು ಅಡುಗೆಯ ಸಲಹೆಯಾಗಿ ಬಿತ್ತು: ರಂಜಕ ತಿಂದರೆ ಬುದ್ಧಿ ಬೆಳೆಯುತ್ತದೆ. ಮೀನಿನಲ್ಲಿ ರಂಜಕವಿದೆ, ಆದ್ದರಿಂದ ಮೀನು ಮೆದುಳಿಗೆ ಒಳ್ಳೆಯದು ಎಂಬ ಮಾತಿಗೆ ಅಮೆರಿಕದ ವಿಜ್ಞಾನಿ ಅಗಾಸಿಯ ಹೆಸರಿನ ಬಲವೂ ಸಿಕ್ಕಿತು. ಸಲಹೆ ಕೇಳಿ ಬರೆದ ಒಬ್ಬ ಎಳೆಯ ಲೇಖಕನಿಗೆ ಮಾರ್ಕ್ ಟ್ವೈನ್ ಇದನ್ನೇ ಹಿಡಿದು ಚುಡಾಯಿಸಿದ. ಅವನಿಗೆ ಮೀನು ಸಾಲದು, ಒಂದೆರಡು ತಿಮಿಂಗಿಲಗಳೇ ಬೇಕಾದಾವು ಎಂಬುದು ಆ ಉತ್ತರದ ತಾತ್ಪರ್ಯ.

1898ರ ಸುಮಾರಿಗೆ ಬರ್ಲಿನ್ನಿನ ಬಾವರ್ ಕಂಪನಿ ಮಾರುಕಟ್ಟೆಗೆ ತಂದ ಸನಾಟೋಜೆನ್ ಈ ನಂಬಿಕೆಯ ಫಸಲು. ಅದರಲ್ಲಿ ಶೇ. 95ರಷ್ಟು ಕೇಸಿನ್, ಅಂದರೆ ಪನೀರಿನಲ್ಲಿರುವ ಅದೇ ಹಾಲಿನ ಪ್ರೋಟೀನು. ಉಳಿದ ಶೇ. 5 ರಂಜಕವಿರುವ ಒಂದು ಲವಣ. ಈ ಒಗ್ಗರಣೆಯ ಹೆಸರಿನಲ್ಲಿ ಇಡೀ ಪುಡಿ ಬೆಲೆ ಕಟ್ಟಿಕೊಂಡಿತು. ಗಮನಿಸಬೇಕಾದದ್ದು ಇಲ್ಲಿನ ತರ್ಕವನ್ನು. ಮೆದುಳಿನಲ್ಲಿ ಒಂದು ವಸ್ತು ಇದೆ ಎಂಬುದು ನಿಜ, ಅದು ಅಗತ್ಯ ಎಂಬುದೂ ನಿಜ. ಇವೆರಡರಿಂದ, ಅದನ್ನು ಹೆಚ್ಚು ತಿಂದರೆ ಮೆದುಳು ಹೆಚ್ಚು ಕೆಲಸ ಮಾಡುತ್ತದೆ ಎಂಬ ಮೂರನೆಯ ಮಾತಿಗೆ ಯಾರೂ ಸೇತುವೆ ಕಟ್ಟಿರಲಿಲ್ಲ. ಹಾರಿದ್ದರು, ಅಷ್ಟೆ.

ವಿಟಮಿನ್ನುಗಳ ಚರಿತ್ರೆ ಬೇರೆ ಜಾತಿಯದು. ಅದು ಇಲ್ಲದಿರುವುದರ ಚರಿತ್ರೆ. ಜಾವಾದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ 1890ರ ದಶಕದಲ್ಲಿ ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ತೌಡಿನಿಂದ ಚೇತರಿಸಿಕೊಳ್ಳುವುದನ್ನೂ ಕಂಡ. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ ‘ವಿಟಮಿನ್’ ಎಂಬ ಹೆಸರು ಕೊಟ್ಟ. ತೌಡಿನಲ್ಲಿದ್ದ ಆ ವಸ್ತು ಥಯಾಮಿನ್, ಅಂದರೆ ಬಿ1. ಅದನ್ನು 1936ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ, ಮಿಷನರಿ ದಂಪತಿಗಳ ಮಗನಾಗಿ.

ಈ ಥಯಾಮಿನ್ನಿಗೂ ನೆನಪಿಗೂ ನಂಟಿದೆ. 1880ರ ದಶಕದಲ್ಲಿ ರಷ್ಯಾದ ಕೊರ್ಸಕಾಫ್, ಮುಖ್ಯವಾಗಿ ಕುಡಿತದಿಂದ ಜರ್ಜರಿತರಾದವರಲ್ಲಿ, ಒಂದು ವಿಚಿತ್ರ ಮರೆವನ್ನು ದಾಖಲಿಸಿದ್ದ. ಅವರಿಗೆ ಹಳೆಯದು ಉಳಿದಿರುತ್ತಿತ್ತು, ಈಗಷ್ಟೇ ನಡೆದದ್ದು ನಿಲ್ಲುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸಿಂಗಪುರದಲ್ಲಿ ಜಪಾನೀಯರ ಸೆರೆಯಾಳಾಗಿದ್ದ ವೈದ್ಯ ಡಿ ವಾರ್ಡನರ್, ಅನ್ನವನ್ನೇ ನೆಚ್ಚಿಕೊಂಡಿದ್ದ ಸಹಕೈದಿಗಳ ಮೆದುಳು ಥಯಾಮಿನ್ ಕೊರತೆಯಿಂದ ಕೆಡುವುದನ್ನು, ಮರೆವು ಅದರ ಭಾಗವಾಗಿರುವುದನ್ನು ಕಂಡ. ಸಹೋದ್ಯೋಗಿ ಲೆನಾಕ್ಸ್ ಜೊತೆ 52 ರೋಗಿಗಳ ವಿವರವನ್ನು 1947ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ. ವಿಟಮಿನ್ನೊಂದು ನೆನಪನ್ನು ಕಾಯಬಲ್ಲದು ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. ಅದು ಸಿಕ್ಕಿದ್ದು ಹಸಿದವರ ನಡುವೆ ಎಂಬುದನ್ನು ಮಾತ್ರ ಡಬ್ಬಿಗಳು ಹೇಳುವುದಿಲ್ಲ.

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಒಂದು ದೊಡ್ಡ ಪ್ರಯೋಗ ಆರಂಭಿಸಿದರು. ಕಣಿವೆಯ ಬೇರೆ ಬೇರೆ ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಸಾದಾ ಉಪ್ಪನ್ನೂ ಹಂಚಿ ಹೋಲಿಸಿದರು. ಅಯೋಡಿನ್ ಸಿಕ್ಕಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಗರ್ಭದಲ್ಲಿ ಅಯೋಡಿನ್ ಸಾಲದಿದ್ದರೆ ಮಗುವಿನ ಬುದ್ಧಿಯ ಬೆಳವಣಿಗೆಯೇ ಕುಂಠಿತವಾಗುತ್ತದೆ. ಹಾಗೆ ನೋಡಿದರೆ ಭಾರತದ ಅತ್ಯಂತ ಯಶಸ್ವಿ ಮೆದುಳಿನ ಪೂರಕ ಅಂಗಡಿಯ ಉಪ್ಪಿನ ಪ್ಯಾಕೆಟ್ಟಿನಲ್ಲಿದೆ. ಅದಕ್ಕೆ ಚೆಸ್ ಆಟಗಾರರ ಚಿತ್ರ ಬೇಕಾಗಲಿಲ್ಲ.

ಕೊರತೆ ತುಂಬುವ ಈ ವಿಜ್ಞಾನಕ್ಕೂ ಮಾರುಕಟ್ಟೆ ರಂಜಕದ ಹಳೆಯ ತರ್ಕವನ್ನೇ ತೊಡಿಸಿತು. 1940ರ ದಶಕದ ಆರಂಭಕ್ಕಾಗಲೇ ಅಮೆರಿಕದಲ್ಲಿ ಥಯಾಮಿನ್ನಿಗೆ ‘ಮನೋಸ್ಥೈರ್ಯದ ವಿಟಮಿನ್’ ಎಂಬ ಬಿರುದು ಬಂದಿತ್ತು.

ಹಾಗಾದರೆ ಹೊಟ್ಟೆತುಂಬ ಉಣ್ಣುವವರಿಗೆ ಮಲ್ಟಿವಿಟಮಿನ್ನಿನಿಂದ ನೆನಪು ಹೆಚ್ಚುತ್ತದೆಯೆ? ಇದನ್ನು ಗಂಭೀರವಾಗಿ ಅಳೆದವರಿದ್ದಾರೆ. ಅಮೆರಿಕದಲ್ಲಿ 65 ದಾಟಿದ 5,947 ಪುರುಷ ವೈದ್ಯರಿಗೆ ನಿಜ ಮಾತ್ರೆಯನ್ನೋ ಹುಸಿ ಮಾತ್ರೆಯನ್ನೋ ಕೊಟ್ಟು, 12 ವರ್ಷಗಳವರೆಗೆ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಪ್ರಶ್ನೆ ಅಲ್ಲಿಗೆ ಮುಗಿಯಿತು ಅನ್ನುವಷ್ಟರಲ್ಲಿ ‘ಕಾಸ್ಮೋಸ್’ ಎಂಬ ಇನ್ನೊಂದು ಪ್ರಯೋಗಮಾಲೆಯ ಫಲಿತಾಂಶಗಳು 2022ರಿಂದ ಬರತೊಡಗಿದವು. ಇವು ಮಲ್ಟಿವಿಟಮಿನ್ ಪರವಾಗಿದ್ದವು. 2023ರ ವರದಿಯಲ್ಲಿ ಭಾಗವಹಿಸಿದವರು 3,562 ಹಿರಿಯರು. ಒಂದು ವರ್ಷದ ಲಾಭ, ವಯಸ್ಸಿನಿಂದಾಗುವ ಮೂರು ವರ್ಷದ ಮರೆವಿಗೆ ಸಮ ಎಂಬ ಅಂದಾಜು ಸುದ್ದಿಯಾಯಿತು.

ಆ ಲಾಭ ಎಷ್ಟು ದೊಡ್ಡದು? ಪರೀಕ್ಷೆಯಲ್ಲಿ 20 ಪದಗಳನ್ನು ತೋರಿಸಿ, ಎಷ್ಟು ನೆನಪಿವೆ ಎಂದು ಕೇಳುತ್ತಾರೆ. ಒಂದು ವರ್ಷದಲ್ಲಿ ಮಲ್ಟಿವಿಟಮಿನ್ ಗುಂಪಿನ ಸರಾಸರಿ 7.10ರಿಂದ 7.81ಕ್ಕೆ ಏರಿತು. ಹುಸಿ ಮಾತ್ರೆಯವರದೂ 7.21ರಿಂದ 7.65ಕ್ಕೆ ಏರಿತು. ವ್ಯತ್ಯಾಸ ಸುಮಾರು ಕಾಲು ಪದ. ಇದನ್ನು ಸುಳ್ಳೆಂದು ತಳ್ಳಿಹಾಕಲಾರೆ. ವೃದ್ಧರ ಒಂದು ದೊಡ್ಡ ಸಮುದಾಯದಲ್ಲಿ ಕಾಲು ಪದಕ್ಕೂ ಅರ್ಥವಿರಬಹುದು. ಆದರೆ ಪರೀಕ್ಷೆಗೊಳಪಟ್ಟದ್ದು ಸಾಧಾರಣ ಮಲ್ಟಿವಿಟಮಿನ್, ತಿಂದವರು ಅರವತ್ತು ದಾಟಿದ, ಬಹುಪಾಲು ಬಿಳಿಯ ಅಮೆರಿಕನ್ನರು. ಇಪ್ಪತ್ತೆರಡರ ಹುಡುಗನಿಗೆ ಪರೀಕ್ಷೆಯ ಮುನ್ನ ಏಕಾಗ್ರತೆ ಮಾರುವ ಡಬ್ಬಿ ಈ ಕಾಲು ಪದವನ್ನೂ ತನ್ನದೆಂದು ಹೇಳಿಕೊಳ್ಳುವಂತಿಲ್ಲ. ಅಂಥ ಡಬ್ಬಿಗಳಲ್ಲಿ ಸಾಮಾನ್ಯವಾದ ಗಿಂಕ್ಗೋ ಎಲೆಯ ಸಾರವನ್ನು ಮೂರು ಸಾವಿರ ವೃದ್ಧರ ಮೇಲೆ ಪರೀಕ್ಷಿಸಿದಾಗ ಅದು ಮರೆಗುಳಿ ರೋಗವನ್ನು ತಡೆಯಲಿಲ್ಲ. ಆ ಫಲಿತಾಂಶ 2008ರದು.

ನನ್ನ ಕಿರಿಯ ಸಂಶೋಧಕಿಯೊಬ್ಬಳು ನೆಟ್ ಪರೀಕ್ಷೆಗೆ ಓದುವಾಗ ಆರು ತಿಂಗಳು ಇಂಥದ್ದೊಂದು ಡಬ್ಬಿಯನ್ನು ನಂಬಿದ್ದಳು. ಓದಿದ್ದು ನಿಲ್ಲುತ್ತಿಲ್ಲ, ಸದಾ ಸುಸ್ತು, ಬೆರಳುಗಳಲ್ಲಿ ಜೋಮು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದರೆ ಬಿ12 ತೀರ ಕಡಿಮೆ. ಈ ವಿಟಮಿನ್ ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಅವಳು ಸಸ್ಯಾಹಾರಿ, ಹಾಸ್ಟೆಲಿನ ನೀರು ಮಜ್ಜಿಗೆಯಲ್ಲಿ ಎಷ್ಟು ಸಿಕ್ಕೀತು? ತಮಾಷೆಯೆಂದರೆ ಅವಳ ಡಬ್ಬಿಯ ಇಪ್ಪತ್ತಕ್ಕೂ ಹೆಚ್ಚು ಘಟಕಗಳ ಪಟ್ಟಿಯಲ್ಲಿ ಬಿ12 ಕೂಡ ಇತ್ತು: ಒಂದು ಮೈಕ್ರೋಗ್ರಾಂ. ವೈದ್ಯರು ಬರೆದದ್ದು ಸಾವಿರ ಮೈಕ್ರೋಗ್ರಾಂಗಳ ಚುಚ್ಚುಮದ್ದು. ಆ ಆರು ತಿಂಗಳ ದುಡ್ಡಿಗಿಂತ ನನಗೆ ಕಾಡುವುದು ಆ ಆರು ತಿಂಗಳು. ತನ್ನ ತಲೆಯೇ ಮಂದ ಎಂದು ಅವಳು ನಂಬತೊಡಗಿದ್ದಳು.

ಕಾನೂನು ಏನು ಹೇಳುತ್ತದೆ ಎಂದು ಹುಡುಕಿದೆ. ನಮ್ಮ 1945ರ ಔಷಧ ನಿಯಮಗಳಲ್ಲಿ ‘ಶೆಡ್ಯೂಲ್ ಜೆ’ ಎಂಬ ಪಟ್ಟಿಯಿದೆ. ಗುಣಪಡಿಸುತ್ತೇನೆಂದು ಔಷಧಿಗಳು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿ ಅದು. ಬೋಳುತಲೆ, ಎತ್ತರ ಹೆಚ್ಚಿಸುವುದು ಮುಂತಾದವುಗಳ ಜೊತೆ ನೆನಪಿನ ಶಕ್ತಿಯ ಸುಧಾರಣೆಯೂ ಅಲ್ಲಿದೆ. ಪೂರಕಗಳು ಹೆಚ್ಚಾಗಿ ಬರುವುದು ಔಷಧವಾಗಿ ಅಲ್ಲ, ಆಹಾರ ಸುರಕ್ಷತೆಯ ಕಾನೂನಿನಡಿ, ಆಹಾರವಾಗಿ. ಅವಳ ಡಬ್ಬಿಯ ಹಿಂಬದಿಯಲ್ಲಿ, ನಿಯಮದಂತೆ, ಸಣ್ಣಕ್ಷರದ ಒಂದು ಸಾಲಿತ್ತು: ಔಷಧೀಯ ಬಳಕೆಗಲ್ಲ.