ಅಂಕ ಏರಿತು, ಅಂತರ ಕರಗಿತು

'ಈಗಿನ ಮಕ್ಕಳಿಗೆ ಮಾರ್ಕ್ಸ್ ಸುರೀತಾರೆ, ಅದಕ್ಕೇನು ಬೆಲೆ?' ಎಂಬ ಮಾತು ಬೆಂಗಳೂರಿನ ದೊಡ್ಡನೆಕ್ಕುಂದಿಯಿಂದ ಐಟಿಪಿಎಲ್‌ವರೆಗೆ ಎರಡು ಬಗೆಯ ಜನರಿಂದ ಕೇಳಿಬರುತ್ತದೆ. ಒಂದು, ನನ್ನ ಹಾಗೆ ನಿವೃತ್ತರಾದ ಮೇಷ್ಟ್ರುಗಳಿಂದ. ಇನ್ನೊಂದು, ಕಂಪನಿಗಳಲ್ಲಿ ಕೆಲಸಕ್ಕೆ ಹುಡುಗರನ್ನು ಆರಿಸುವವರಿಂದ. 'ಮಾರ್ಕ್ಸ್ ಕಾರ್ಡ್ ನೋಡೋದೇ ಬಿಟ್ಟಿದ್ದೀವಿ ಸರ್, ನಮ್ಮದೇ ಆನ್‌ಲೈನ್ ಟೆಸ್ಟ್ ಇದೆ' ಎನ್ನುತ್ತಾರೆ ಇವರು. ಆದರೆ ಇಂಥ ಎಷ್ಟೋ ಕಂಪನಿಗಳ ಜಾಹೀರಾತಿನಲ್ಲೇ ಹತ್ತನೇ ತರಗತಿ, ಪಿಯು, ಬಿ.ಇ. ಮೂರರಲ್ಲೂ ಶೇ 60 ಕಡ್ಡಾಯ ಎಂಬ ಸಾಲು ತಪ್ಪದೆ ಇರುತ್ತದೆ. 59.6 ಬಂದವನಿಗೆ ಆ ಆನ್‌ಲೈನ್ ಟೆಸ್ಟಿನ ಲಿಂಕೇ ಬರುವುದಿಲ್ಲ.

ಅಂಕಕ್ಕೆ ನಾವು ಎರಡು ಕೆಲಸ ಹಚ್ಚಿದ್ದೇವೆ. ಗೆರೆ ದಾಟಿದರೇ ಎಂದು ಹೇಳುವುದು ಒಂದು, ಯಾರು ಮುಂದೆ ಯಾರು ಹಿಂದೆ ಎಂದು ಹೇಳುವುದು ಇನ್ನೊಂದು. ಅಂಕ ಏರಿದಾಗ ಈ ಎರಡು ಕೆಲಸಗಳೂ ಒಂದೇ ರೀತಿ ಕೆಡುವುದಿಲ್ಲ. ಏರಿಕೆಯ ಬಗ್ಗೆ ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಎಡವುವುದು ಇಲ್ಲೇ.

ಹಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು ಸಂಸ್ಥಾನದ ಹುಡುಗರು ಮೊದಲು ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುತ್ತಿದ್ದರು. 1916ರಲ್ಲಿ ನಮ್ಮದೇ ವಿಶ್ವವಿದ್ಯಾಲಯ ಬಂದ ಮೇಲೂ ಪಾಸು, ಸೆಕೆಂಡ್ ಕ್ಲಾಸು, ಫಸ್ಟ್ ಕ್ಲಾಸು ಎಂಬ ಚೌಕಟ್ಟು ಹಾಗೇ ಉಳಿಯಿತು. ಈ ಚೌಕಟ್ಟನ್ನು ಅನುಮಾನದಿಂದ ನೋಡಿದವರು ಬಹಳ ಹಿಂದೆಯೇ ಇದ್ದರು. 1888ರಲ್ಲಿ ಎಡ್ಜ್‌ವರ್ತ್ ಎಂಬ ಐರಿಶ್ ಮೂಲದ ವಿದ್ವಾಂಸ ಪರೀಕ್ಷೆಯ ಫಲಿತಾಂಶದಲ್ಲಿ ಅದೃಷ್ಟದ ಪಾಲೆಷ್ಟು ಎಂದು ಲೆಕ್ಕ ಹಾಕಿ ತೋರಿಸಿದ. 1935ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಎಂಬ ಸಂಶೋಧಕರು ಒಮ್ಮೆ ತಿದ್ದಿದ ಉತ್ತರಪತ್ರಿಕೆಗಳನ್ನು ಅದೇ ಪರೀಕ್ಷಕರಿಗೆ ವರ್ಷದ ಮೇಲೆ ಮತ್ತೆ ಕೊಟ್ಟರು; ತೀರ್ಪುಗಳಲ್ಲಿ ಅರ್ಧದ ಹತ್ತಿರಹತ್ತಿರ ಬದಲಾಗಿದ್ದವು. ನಮ್ಮಲ್ಲಿ 1948-49ರ ರಾಧಾಕೃಷ್ಣನ್ ಆಯೋಗವು ಒಂದೇ ಒಂದು ಸುಧಾರಣೆ ಸೂಚಿಸಿ ಎಂದರೆ ಪರೀಕ್ಷೆಯದ್ದನ್ನೇ ಸೂಚಿಸುತ್ತೇವೆ ಎಂಬರ್ಥದ ಮಾತನ್ನು ಬರೆದಿಟ್ಟಿತು. ಎಲ್ಲರೂ ತಲೆದೂಗಿದರು, ವರದಿ ಕಪಾಟು ಸೇರಿತು.

ಇವರೆಲ್ಲರ ನಡುವೆ ನಮ್ಮ ಕಡೆ ಹೆಸರೇ ಕೇಳಿಬರದ ಒಬ್ಬನಿದ್ದಾನೆ, ಅಮೆರಿಕದ ವಿಲಿಯಂ ಮೆಕಾಲ್. 1922ರಲ್ಲಿ ಅವನು ಹೇಳಿದ್ದು ಸರಳ ಉಪಾಯ: ಗುಂಪಿನ ಸರಾಸರಿಯನ್ನು 50 ಎಂದಿಟ್ಟುಕೊಳ್ಳಿ, ಮಾನಕ ವಿಚಲನೆಯನ್ನು 10 ಎಂದಿಟ್ಟುಕೊಳ್ಳಿ, ಪ್ರತಿಯೊಬ್ಬರ ಅಂಕವನ್ನೂ ಆ ಅಳತೆಗೆ ತನ್ನಿ. ಆಗ ಕೈಬಿಗಿ ಮೇಷ್ಟ್ರು ಕೊಟ್ಟ 55, ಕೈಸಡಿಲ ಮೇಷ್ಟ್ರು ಕೊಟ್ಟ 85 ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಪರೀಕ್ಷಾಶಾಸ್ತ್ರದಲ್ಲಿ ನಾನು ಕಲಿತ ಪರಂಪರೆ ಇವನದ್ದೇ, ಅದನ್ನು ಮುಚ್ಚಿಡುವುದಿಲ್ಲ. ಸೇರಿನ ಪಾತ್ರೆ ಊರಿಗೊಂದು ಗಾತ್ರವಾದರೆ ಭತ್ತದ ಲೆಕ್ಕ ಕೇಳಿ ಪ್ರಯೋಜನವಿಲ್ಲ, ಮೊದಲು ಪಾತ್ರೆ ಅಳೆಯಬೇಕು ಎನ್ನುವುದಷ್ಟೇ ಈ ಪರಂಪರೆಯ ಹಟ.

ಕರ್ನಾಟಕದಲ್ಲಿ ಈ ಹಟಕ್ಕೆ ಅವಕಾಶ ಒದಗಿದ್ದು ಕಳೆದ ಶತಮಾನದ ಕೊನೆಯ ದಶಕದಲ್ಲಿ. ಕ್ಯಾಪಿಟೇಶನ್ ಶುಲ್ಕದ ವಿರುದ್ಧ 1992ರಲ್ಲಿ ಮೋಹಿನಿ ಜೈನ್ ಪ್ರಕರಣ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣ. ಸುಪ್ರೀಂ ಕೋರ್ಟಿನ ಈ ಎರಡು ತೀರ್ಪುಗಳ ಬೆನ್ನಿಗೇ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ನೆಲೆಯೂರಿತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬ ಸೂತ್ರ ಮನೆಮಾತಾಯಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹುಟ್ಟಿತು. ಅಲ್ಲಿಯವರೆಗೆ ಬೆಂಗಳೂರು, ಮೈಸೂರು, ಧಾರವಾಡ, ಗುಲ್ಬರ್ಗ ಎಂದು ಹಂಚಿಹೋಗಿದ್ದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪ್ರಶ್ನೆಪತ್ರಿಕೆಯಡಿ ಬಂದವು. ಬೀದರ್‌ನ ಹುಡುಗಿಯೂ ವೈಟ್‌ಫೀಲ್ಡ್ ಪಕ್ಕದ ಹುಡುಗನೂ ಒಂದೇ ದಿನ ಒಂದೇ ಎಂ-3 ಗಣಿತ ಪತ್ರಿಕೆ ಬರೆದರು. ನಮ್ಮ ತಲೆಮಾರಿನ ಮೇಷ್ಟ್ರುಗಳಿಗೆ ಇದು ದೊಡ್ಡ ಸಂಗತಿ. ಹೆಸರಿನ ಜಾಗದಲ್ಲಿ ಕೋಡ್ ನಂಬರು, ಬಂಡಲ್ ಕಟ್ಟಿಬಂದ ಉತ್ತರಪತ್ರಿಕೆ, ಕೆಂಪು ಪೆನ್ನು. ಯಾವ ಕಾಲೇಜಿನ ಪತ್ರಿಕೆ ಎಂದು ತಿದ್ದುವವರಿಗೆ ತಿಳಿಯುತ್ತಿರಲಿಲ್ಲ. ಅನ್ಯಾಯ ಆಗುತ್ತಿರಲಿಲ್ಲ ಎಂದಲ್ಲ, ಆಗುವ ಅನ್ಯಾಯಕ್ಕೆ ಮುಖ ನೋಡಿ ಮಣೆ ಹಾಕುವ ಗುಣ ಇರಲಿಲ್ಲ.

ಈ ವ್ಯವಸ್ಥೆ ಹೇಗೆ ಸಡಿಲವಾಯಿತು ಎನ್ನುವುದಕ್ಕೆ ವಿಟಿಯು ಸ್ಕೀಮುಗಳನ್ನೇ ಸಾಲಾಗಿ ಓದಿದರೆ ಸಾಕು. 2010ರ ಸ್ಕೀಮಿನಲ್ಲಿ 125ಕ್ಕೆ 25 ಇಂಟರ್ನಲ್, ಎಂದರೆ ಕಾಲೇಜೇ ಕೊಡುವ ಅಂಕ. 2015ರಲ್ಲಿ 100ಕ್ಕೆ 20, ಅಂದರೆ ಪಾಲು ಅಷ್ಟೇ. 2017 ಮತ್ತು 2018ರ ಸ್ಕೀಮುಗಳಲ್ಲಿ ಅದು 40. 2021ರಿಂದ 50. ಹನ್ನೊಂದು ವರ್ಷದಲ್ಲಿ ಒಟ್ಟು ಅಂಕದ ಐದರಲ್ಲಿ ಒಂದಿದ್ದ ಪಾಲು ಅರ್ಧಕ್ಕೇರಿತು. ಕಾಲೇಜು ಅಂಕ ಏರಿದ್ದಕ್ಕೆ ಮೊಬೈಲು, ಕೋಚಿಂಗು, ಪ್ರಶ್ನೆಪತ್ರಿಕೆ ಸುಲಭ ಎಂದು ನೂರು ಕಾರಣ ಹೇಳುವವರು ಈ ನಾಲ್ಕು ಸಾಲು ಓದಿರುವುದಿಲ್ಲ.

ಇಂಟರ್ನಲ್ ಅಂಕ ಏರುವುದು ಮೇಷ್ಟ್ರುಗಳ ದೌರ್ಬಲ್ಯದಿಂದ ಎನ್ನುವುದೂ ಅರ್ಧ ಸತ್ಯವೇ. ಸೆಮಿಸ್ಟರ್ ಕೊನೆಯ ವಾರ ವಿಭಾಗದ ಕೊಠಡಿ ಹೇಗಿರುತ್ತದೆ ನೋಡಿ. ಮೂರು ಟೆಸ್ಟು, ಅಸೈನ್‌ಮೆಂಟು, ಕ್ವಿಜ್ಜು, ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ 50ಕ್ಕೆ ಇಳಿಸಬೇಕು. ಕನಿಷ್ಠಕ್ಕಿಂತ ಕಮ್ಮಿ ಬಂದವನು ಪರೀಕ್ಷೆಗೇ ಕೂರುವಂತಿಲ್ಲ, ಆದ್ದರಿಂದ ಅವನಿಗೊಂದು ಇಂಪ್ರೂವ್‌ಮೆಂಟ್ ಟೆಸ್ಟು. ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬಂದಾಗ ತೋರಿಸಬೇಕಾದ ಫೈಲಿನಲ್ಲಿ ಇಂತಿಷ್ಟು ಮಕ್ಕಳು ಗುರಿ ಮುಟ್ಟಿದರು ಎಂಬ ಲೆಕ್ಕ ಇರಬೇಕು, ಆ ಲೆಕ್ಕಕ್ಕೆ ಬೇಕಾಗುವುದೂ ಇದೇ ಅಂಕ. 'ಪಕ್ಕದ ಸೆಕ್ಷನ್ನಿನಲ್ಲಿ 47 ಕೊಟ್ಟಿದ್ದಾರಂತೆ ಸರ್' ಎಂದು ಬಾಗಿಲಲ್ಲಿ ನಿಂತ ಹುಡುಗನ ಮಾತು ಸುಳ್ಳಲ್ಲ. ಬಿಗಿ ಹಿಡಿದ ಮೇಷ್ಟ್ರಿಂದ ನಷ್ಟ ಆಗುವುದು ಅವರ ಮಕ್ಕಳಿಗೇ. ನನ್ನ ಕಾಲದಲ್ಲೂ ಇದು ಹೀಗೇ ಇತ್ತು, ಪಾಲು ಮಾತ್ರ ಸಣ್ಣದಿತ್ತು.

ಹೆಚ್ಚಿನವರು ತಪ್ಪುವ ಲೆಕ್ಕ ಇದರ ಮುಂದಿನದು. ಒಂದು ತರಗತಿಯಲ್ಲಿ ಇಂಟರ್ನಲ್ಲು ಎಲ್ಲರಿಗೂ 44ರಿಂದ 49ರ ನಡುವೆ, ಕೊನೆಯ ಪರೀಕ್ಷೆಯಲ್ಲಿ 18ರಿಂದ 45ರವರೆಗೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಎರಡಕ್ಕೂ ಅರ್ಧರ್ಧ ತೂಕ. ಆದರೆ ಯಾರು ಮೊದಲು, ಯಾರು ಕೊನೆ ಎಂದು ತೀರ್ಮಾನಿಸುವುದು ಹೆಚ್ಚುಕಡಿಮೆ ಪೂರ್ತಿ ಕೊನೆಯ ಪರೀಕ್ಷೆಯೇ. ರ‍್ಯಾಂಕಿನಲ್ಲಿ ಮಾತಾಡುವುದು ಗರಿಷ್ಠ ಅಂಕವಲ್ಲ, ಅಂಕಗಳ ನಡುವಿನ ಅಂತರ. ಎಲ್ಲರಿಗೂ ಹಂಚಿದ ಅಂಕ ಎಷ್ಟೇ ದೊಡ್ಡದಿರಲಿ, ಸಾಲಿನಲ್ಲಿ ಯಾರನ್ನೂ ಹಿಂದೆಮುಂದೆ ಮಾಡುವುದಿಲ್ಲ. ಆದರೆ ಅದೇ ಅಂಕ ಶೇ 60ರ ಗೆರೆಯನ್ನು ಸಾವಿರಾರು ಜನರಿಗೆ ದಾಟಿಸುತ್ತದೆ. ಅಂದರೆ ಉದಾರವಾದ ಇಂಟರ್ನಲ್ಲಿನಿಂದ ಕೆಟ್ಟದ್ದು ಕಂಪನಿಗಳ ಗೆರೆಯೇ ಹೊರತು ತರಗತಿಯ ಸಾಲಲ್ಲ. ಗೆರೆಯನ್ನೇ ನೆಚ್ಚಿಕೊಂಡವರು ಅಂಕಕ್ಕೆ ಬೆಲೆಯಿಲ್ಲ ಎಂದು ಗೊಣಗುತ್ತಾರೆ.

ಅಂಕವನ್ನು ಗ್ರೇಡು ಮಾಡಿದಾಗ ಈ ಅಂತರ ಇನ್ನಷ್ಟು ಕರಗಿತು. ಯುಜಿಸಿ 2015ರಲ್ಲಿ ಹತ್ತು ಅಂಶಗಳ ಗ್ರೇಡು ಸೂಚಿಸಿತು: ಓ, ಎ ಪ್ಲಸ್, ಎ, ಬಿ ಪ್ಲಸ್ ಹೀಗೆ. 89 ಮತ್ತು 80 ಒಂದೇ ಡಬ್ಬಿಯಲ್ಲಿ, 90 ಇನ್ನೊಂದರಲ್ಲಿ. ಕಂಪನಿಗೆ ಬೇಕಾದ್ದು ಮಾತ್ರ ಶೇಕಡಾವಾರು, ಅದಕ್ಕೆ ವಿಟಿಯು ಕೊಟ್ಟ ಸೂತ್ರ: ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಿ. 6.75 ಬಂದವನಿಗೆ ಸರಿಯಾಗಿ 60. ದೊಡ್ಡನೆಕ್ಕುಂದಿಯ ಜೆರಾಕ್ಸ್ ಅಂಗಡಿಗಳಲ್ಲಿ ಪಿ.ಜಿ.ಗಳಲ್ಲಿ ಉಳಿದ ಹುಡುಗರು ಅರ್ಜಿ ತುಂಬುವಾಗ ಮೊಬೈಲಿನಲ್ಲಿ ಈ ಕಳೆಯುವ ಲೆಕ್ಕ ಮಾಡುತ್ತಿರುತ್ತಾರೆ. ಬೇರೆ ವಿಶ್ವವಿದ್ಯಾಲಯದಿಂದ ಬಂದವನು ಸೀದಾ ಹತ್ತರಿಂದ ಗುಣಿಸಿ ಏಳೂವರೆ ಅಂಕ ಮುಂದಿರುತ್ತಾನೆ. ಅರ್ಜಿಯ ಖಾನೆಯಲ್ಲಿ ಎರಡೂ ಒಂದೇ ಜಾತಿಯ ಸಂಖ್ಯೆಯಾಗಿ ಕೂರುತ್ತವೆ.

ಪಿಯು ಕಡೆ ನಡೆದದ್ದು ಇನ್ನೂ ದೊಡ್ಡ ಪ್ರಯೋಗ, ಯಾರೂ ಬೇಕೆಂದು ಮಾಡಿದ್ದಲ್ಲ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಅಂಕದಿಂದ ಶೇ 45, ಪ್ರಥಮ ಪಿಯುವಿನಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10 ತೆಗೆದು ಫಲಿತಾಂಶ ಕೊಟ್ಟರು. ಎಲ್ಲರೂ ಪಾಸು, 2,239 ಮಂದಿಗೆ 600ಕ್ಕೆ 600. ಆ ವರ್ಷ ಸಿಇಟಿ ಅಂಕವೊಂದರ ಮೇಲೇ ರ‍್ಯಾಂಕು ಕೊಟ್ಟದ್ದರಿಂದ ಗಲಾಟೆಯಾಗಲಿಲ್ಲ. ಗಲಾಟೆ ಎದ್ದದ್ದು 2022ರಲ್ಲಿ. ಹೊಸಬರಿಗೆ ಹಳೆಯ ಅರ್ಧರ್ಧ ಸೂತ್ರ, ಹಿಂದಿನ ವರ್ಷದವರು ಮತ್ತೆ ಬರೆದಿದ್ದರೆ ಅವರಿಗೆ ಸಿಇಟಿ ಅಂಕ ಮಾತ್ರ ಎಂದು ಪರೀಕ್ಷಾ ಪ್ರಾಧಿಕಾರ ತೀರ್ಮಾನಿಸಿತು. ಸುಮಾರು 24 ಸಾವಿರ ಮಕ್ಕಳ ರ‍್ಯಾಂಕು ಪಾತಾಳ ಕಂಡಿತು. ಸೆಪ್ಟೆಂಬರ್ ಆರಂಭದಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ನಿರ್ಧಾರ ರದ್ದುಮಾಡಿತು. ತಿಂಗಳ ಕೊನೆಗೆ ವಿಭಾಗೀಯ ಪೀಠದ ಮುಂದೆ ಒಪ್ಪಂದದ ಸೂತ್ರ ಬಂತು. 2021ರವರ ಪಿಯು ಅಂಕದಿಂದ ಸರಾಸರಿ 6 ಕಳೆದು ಉಳಿದದ್ದನ್ನು ಅರ್ಧರ್ಧ ಸೂತ್ರಕ್ಕೆ ಹಾಕುವುದು.

ತುರ್ತಿನಲ್ಲಿ ಅದು ಬುದ್ಧಿವಂತಿಕೆಯ ಪರಿಹಾರವೇ. ನ್ಯಾಯಾಲಯದ ಮುಂದೆ ನಿಂತ ಮಕ್ಕಳಿಗೆ ಸೀಟು ಬೇಕಿತ್ತು, ಪಾಠವಲ್ಲ. ಆದರೆ ಶಾಸ್ತ್ರದ ಕಣ್ಣಿಗೆ ಅದು ಸರಾಸರಿಯನ್ನು ಜರುಗಿಸಿದ್ದು ಅಷ್ಟೆ, ಚದುರುವಿಕೆಯನ್ನು ಮುಟ್ಟಲಿಲ್ಲ. ನೂರರ ಹತ್ತಿರ ಇದ್ದವರಿಗೆ ಏರಲು ಜಾಗವೇ ಇರಲಿಲ್ಲ, ನಡುವಿನವರಿಗೆ ಬೇಕಾದಷ್ಟಿತ್ತು. ಎಲ್ಲರಿಂದಲೂ ಅದೇ 6 ಕಳೆದರೆ ಮೇಲಿನವರಿಂದ ಹೆಚ್ಚು ಕಿತ್ತಂತೆ, ನಡುವಿನವರಿಗೆ ಬಿಟ್ಟುಕೊಟ್ಟಂತೆ. 2021ರಲ್ಲಿ ನೂರರಲ್ಲಿ ಹತ್ತನೆಯವನಾಗಿದ್ದವನ ಅಂಕವನ್ನು 2022ರ ಹತ್ತನೆಯವನ ಅಂಕಕ್ಕೆ ಸಮ ಮಾಡುವುದು ಎಷ್ಟೋ ದೇಶಗಳ ಪರೀಕ್ಷಾ ಮಂಡಳಿಗಳಿಗೆ ಗೊತ್ತಿರುವ ವಿಧಾನ. ಎರಡೂ ವರ್ಷದ ಅಂಕಗಳು ಇಲಾಖೆಯ ಕಂಪ್ಯೂಟರಿನಲ್ಲೇ ಇದ್ದವು. ಈಗಲೂ ಇವೆ. ಎರಡು ಸೂತ್ರಗಳಿಂದ ಎಷ್ಟು ಮಕ್ಕಳ ರ‍್ಯಾಂಕು ಎಷ್ಟೆಷ್ಟು ಬದಲಾಗುತ್ತಿತ್ತು ಎಂದು ಲೆಕ್ಕ ಹಾಕುವುದು ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿಯ ಪ್ರಬಂಧಕ್ಕೆ ಸಾಲುವಷ್ಟು ಕೆಲಸ.

ಪಕ್ಕದ ಕೇರಳ ಈ ವಿಷಯದಲ್ಲಿ ನಮಗಿಂತ ಮುಂದಿತ್ತು. ಕಾಸರಗೋಡಿನ ಕನ್ನಡ ಮಕ್ಕಳೂ ಬರೆಯುವ ಕೀಮ್ ಪ್ರವೇಶ ಪರೀಕ್ಷೆಯಲ್ಲಿ ಬೇರೆಬೇರೆ ಬೋರ್ಡಿನ ಅಂಕಗಳನ್ನು ಸರಾಸರಿ, ಮಾನಕ ವಿಚಲನೆಗಳ ಮೂಲಕ ಒಂದೇ ಅಳತೆಗೆ ತರುತ್ತಿದ್ದರು. ಮೆಕಾಲ್ ಮನೆತನದ ವಿಧಾನವೇ. ರಾಜ್ಯ ಪಠ್ಯಕ್ರಮದವರ ಅಂಕ ಇದರಿಂದ ಇಳಿಯುತ್ತದೆ ಎಂಬ ಕೂಗೆದ್ದು 2025ರಲ್ಲಿ ಸರ್ಕಾರ ಸೂತ್ರ ಬದಲಿಸಿತು. ಫಲಿತಾಂಶದ ಹೊಸ್ತಿಲಲ್ಲಿ ನಿಯಮ ತಿದ್ದಿದ್ದಕ್ಕೆ ಜುಲೈನಲ್ಲಿ ಅಲ್ಲಿನ ಹೈಕೋರ್ಟು ರ‍್ಯಾಂಕ್ ಪಟ್ಟಿಯನ್ನೇ ರದ್ದುಮಾಡಿ ಹಳೆಯ ಸೂತ್ರಕ್ಕೆ ಮರಳಿಸಿತು. ಅಲ್ಲಿ ಕನಿಷ್ಠ ಸೂತ್ರದ ಬಗ್ಗೆ ಜಗಳವಾಡಿದರು. ನಮ್ಮಲ್ಲಿ ಸಿಬಿಎಸ್‌ಇ, ಐಎಸ್‌ಸಿ, ರಾಜ್ಯ ಬೋರ್ಡಿನ ಅಂಕಗಳು ಹಾಗೇ ಒಂದರ ಪಕ್ಕ ಒಂದು ಕೂರುತ್ತವೆ, ಕೇಳುವವರಿಲ್ಲ.

ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಎರಡು ಉದಾಹರಣೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದೇ ತಡ, ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಕುಸಿಯಿತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ನಿಂತದ್ದು ಶೇ 73.40ಕ್ಕೆ. ಒಂದು ಕೈಯಲ್ಲಿ ಬಿಗಿ, ಇನ್ನೊಂದು ಕೈಯಲ್ಲಿ ಸಡಿಲ. ಅಮೆರಿಕದ ಪ್ರಿನ್ಸ್‌ಟನ್ 2004ರಲ್ಲಿ ಎ ದರ್ಜೆಗಳು ಶೇ 35 ಮೀರಬಾರದು ಎಂದು ಕಟ್ಟು ಹಾಕಿ 2014ರಲ್ಲಿ ಕೈಬಿಟ್ಟಿತು. ಬಿಗಿಯ ಬದಲು ಅಂಕದ ಹಿನ್ನೆಲೆ ಬಯಲು ಮಾಡಿದವರೂ ಇದ್ದಾರೆ. ಕಾರ್ನೆಲ್ ಪ್ರತಿ ಕೋರ್ಸಿನ ಮಧ್ಯಮ ದರ್ಜೆಯನ್ನು ಪ್ರಕಟಿಸಿದಾಗ ಮಕ್ಕಳು ಅದನ್ನೇ ನೋಡಿಕೊಂಡು ಧಾರಾಳಿ ಮೇಷ್ಟ್ರುಗಳ ತರಗತಿ ಹುಡುಕಿದರು. ಆದರೆ ಡಾರ್ಟ್‌ಮತ್ ಕಾಲೇಜು 1990ರ ದಶಕದಿಂದ ಒಂದು ಸಣ್ಣ ಕೆಲಸ ಮಾಡುತ್ತ ಬಂದಿದೆ: ಅಂಕಪಟ್ಟಿಯಲ್ಲಿ ವಿದ್ಯಾರ್ಥಿಯ ದರ್ಜೆಯ ಪಕ್ಕದಲ್ಲೇ ತರಗತಿಯ ಮಧ್ಯಮ ದರ್ಜೆ ಮತ್ತು ತರಗತಿಯ ವಿದ್ಯಾರ್ಥಿಗಳ ಸಂಖ್ಯೆಯನ್ನು ಅಚ್ಚು ಹಾಕುತ್ತದೆ. ಯಾರ ಅಂಕವನ್ನೂ ಕಳೆಯುವುದಿಲ್ಲ. 'ಎ ಮೈನಸ್, ತರಗತಿಯ ಮಧ್ಯಮ ಎ, 140 ಮಂದಿ' ಎಂಬಂಥ ಸಾಲು ಓದಿದವರಿಗೆ ಬೇರೆ ವ್ಯಾಖ್ಯಾನ ಬೇಡ. ನಮ್ಮ ಗ್ರೇಡ್ ಕಾರ್ಡಿನಲ್ಲಿ ಇನ್ನೆರಡು ಅಂಕಣಕ್ಕೆ ಜಾಗವಿದೆ.

ಡ್ಯೂಕ್ ವಿಶ್ವವಿದ್ಯಾಲಯದ ವೇಲನ್ ಜಾನ್ಸನ್ ಇದಕ್ಕಿಂತ ಮುಂದೆ ಹೋದ. ಒಬ್ಬನೇ ವಿದ್ಯಾರ್ಥಿ ಬೇರೆಬೇರೆ ಮೇಷ್ಟ್ರುಗಳಲ್ಲಿ ಪಡೆದ ದರ್ಜೆಗಳನ್ನು ಹೆಣೆದು, ಯಾವ ಕೋರ್ಸು ಎಷ್ಟು ಕೈಬಿಗಿ ಎಂದು ಅಂದಾಜಿಸಿ ರ‍್ಯಾಂಕು ತಿದ್ದುವ ಸೂಚ್ಯಂಕ ಕಟ್ಟಿದ. 1997ರಲ್ಲಿ ಅಲ್ಲಿನ ಅಧ್ಯಾಪಕ ಮಂಡಳಿ ಮತ ಹಾಕಿ ತಳ್ಳಿಹಾಕಿತು. ತಮ್ಮ ಕೈ ಎಷ್ಟು ಸಡಿಲ ಎಂಬುದು ಅಚ್ಚಾಗುವುದು ಯಾವ ಮೇಷ್ಟ್ರಿಗೆ ಇಷ್ಟ?

ನಮಗೆ ಈಗ ಬೇಕಾಗಿರುವುದು ಅಂಥ ಸೂಚ್ಯಂಕವೇ, ಅದೂ ತುರ್ತಾಗಿ. ಆರ್.ವಿ., ಎಂ.ಎಸ್. ರಾಮಯ್ಯದಂಥ ಕಾಲೇಜುಗಳು ಸ್ವಾಯತ್ತವಾದ ಮೇಲೆ ಒಂದೇ ಪ್ರಶ್ನೆಪತ್ರಿಕೆಯ ದಾರ ಹರಿಯತೊಡಗಿತು. ಸ್ವಾಯತ್ತ ಕಾಲೇಜುಗಳ ಸಂಖ್ಯೆ ಹೆಚ್ಚಿದಷ್ಟೂ ಅದು ಇನ್ನೂ ಹರಿಯುತ್ತದೆ. ಪ್ರಶ್ನೆ ತೆಗೆಯುವವರೂ ಅವರೇ, ತಿದ್ದುವವರೂ ಅವರೇ. ಒಂದು ಕಾಲೇಜಿನ ಒಂಬತ್ತು ಸಿಜಿಪಿಎಯನ್ನು ಇನ್ನೊಂದರ ಒಂಬತ್ತಿಗೆ ಹೋಲಿಸಲು ನಡುವೆ ಉಳಿದಿರುವ ಸೇತುವೆ ಒಂದೇ, ಆ ಮಕ್ಕಳು ಒಳಬಂದಾಗ ಬರೆದಿದ್ದ ಸಿಇಟಿ. ನಾಲ್ಕು ವರ್ಷ ಹಳೆಯ, ಮೂರು ವಿಷಯಗಳ ಆ ಸೇತುವೆಯ ಮೇಲೆ ಎಷ್ಟು ಭಾರ ಹೇರಬಹುದು? ಮತ್ತೆ ಹನ್ನೆರಡೇ ಮಂದಿ ತೆಗೆದುಕೊಂಡ ಇಲೆಕ್ಟಿವ್‌ನಲ್ಲಿ ಸರಾಸರಿಗಾಗಲಿ ವಿಚಲನೆಗಾಗಲಿ ಅರ್ಥವೇ ಇರುವುದಿಲ್ಲ. ನಾನು ಒಲಿದ ಪರಂಪರೆ ಕೈಚೆಲ್ಲುವುದು ಅಲ್ಲಿ. ಜಾನ್ಸನ್‌ನಂಥವರ ಹೆಣಿಗೆ ಅಲ್ಲಿ ಕೆಲಸ ಮಾಡೀತು, ಆದರೆ ಅದಕ್ಕೆ ಕಾಲೇಜುಗಳು ತಮ್ಮ ಅಂಕಗಳ ಕಡತವನ್ನು ಹೆಸರು ಅಳಿಸಿಯಾದರೂ ಹೊರಗೆ ಕೊಡಬೇಕು. ಪ್ಲೇಸ್‌ಮೆಂಟಿನ ಅಂಕಿಅಂಶವನ್ನು ಹೊರವರ್ತುಲ ರಸ್ತೆಯ ಹೋರ್ಡಿಂಗಿನ ಮೇಲೆ ಹಾಕುವ ಕಾಲೇಜುಗಳು ಇದನ್ನೂ ಕೊಡಲಿ ಎಂದು ಕೇಳಲು ಅಧಿಕಾರ ಇರುವುದು ವಿಶ್ವವಿದ್ಯಾಲಯಕ್ಕೆ.