ಚೌಕಿಯಿಂದ ಚಿತ್ರಪಟಕ್ಕೆ: ಲೈಂಗಿಕ ಅಲ್ಪಸಂಖ್ಯಾತರ ಕಥೆಯೂ ನಿರ್ದೇಶಕರ ಏಳಿಗೆಯೂ

ಯಕ್ಷಗಾನದ ರಂಗಸ್ಥಳದಲ್ಲಿ ಪುರುಷನೊಬ್ಬನು ಮೋಹಿನಿಯಾಗಿಯೋ ದಾಕ್ಷಾಯಿಣಿಯಾಗಿಯೋ ಪ್ರವೇಶಿಸಿದಾಗ, ಅವನ ನಡೆಯ ಲಾಲಿತ್ಯವನ್ನೂ ನೋಟದ ಚಾಂಚಲ್ಯವನ್ನೂ ಬೆಳಗಿನ ಜಾವದವರೆಗೆ ಕುಳಿತು ಮೆಚ್ಚುವ ನಮ್ಮ ಕರಾವಳಿಯ ಪ್ರೇಕ್ಷಕನು, ಆ ಲಾಲಿತ್ಯವೆಲ್ಲ ವೇಷ ಕಟ್ಟಿ ಬಿಚ್ಚುವ ಚೌಕಿಯಲ್ಲಿ ಬಣ್ಣದೊಡನೆ ಕಳಚಿಹೋಗತಕ್ಕದ್ದೆಂಬ ಅಲಿಖಿತ ಒಡಂಬಡಿಕೆಯ ಮೇಲೆಯೇ ಅದನ್ನು ಮೆಚ್ಚುತ್ತಾನೆ. ಮಂಟಪ ಪ್ರಭಾಕರ ಉಪಾಧ್ಯರಂಥವರ ಸ್ತ್ರೀವೇಷಕ್ಕೆ ಸಂದಿರುವ ಗೌರವವು ಅಪ್ರತಿಮವಾದ ಕಲೆಗೆ ಸಂದ ಗೌರವವೇ ಸರಿ. ಆದರೆ ಕಾರವಾರದ ಬೈತಖೋಲದ ಬಂದರಿನಲ್ಲಾಗಲಿ ಅಂಕೋಲೆಯ ಪೇಟೆಯಲ್ಲಾಗಲಿ ಅದೇ ನಡೆಯನ್ನು ಹಗಲಿನಲ್ಲಿ, ವೇಷವಿಲ್ಲದೆ, ತನ್ನ ಸಹಜ ಸ್ವಭಾವವಾಗಿ ಧರಿಸಿದ ಹುಡುಗನಿಗೆ ಆ ಗೌರವದ ಲವಲೇಶವೂ ದೊರೆಯದೆಂಬುದನ್ನು ಇಲ್ಲಿ ಬಾಳಿದವರಾರೂ ಅಲ್ಲಗಳೆಯಲಾರರು. ಈ ಒಡಂಬಡಿಕೆಯು ಬಯಲಾಟದಿಂದ ಚಲನಚಿತ್ರಕ್ಕೂ ಸಂಕ್ರಮಿಸಿತೆಂಬುದೂ, ಲೈಂಗಿಕ ಅಲ್ಪಸಂಖ್ಯಾತರ ಕಥೆಯನ್ನು ಹೇಳಹೊರಟ ನಿರ್ದೇಶಕರು ಇದಕ್ಕೆ ಒಳಪಟ್ಟು ಏಳಿಗೆ ಪಡೆದರು, ಇಲ್ಲವೆ ಇದನ್ನು ಒಪ್ಪದೆ ತಮ್ಮ ರಂಗಸ್ಥಳವನ್ನು ತಾವೇ ಕಟ್ಟಿಕೊಂಡರೆಂಬುದೂ ಈ ಲೇಖನದ ಪ್ರತಿಪಾದನೆ.

ಮೊದಲನೆಯ ದಾರಿಗೆ ನಿದರ್ಶನವಿದು: 2014ನೆಯ ವರ್ಷದ ಚಿತ್ರಗಳಿಗೆ ಸಂದ 62ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ, ತೃತೀಯ ಲಿಂಗಿಯೊಬ್ಬರ ಬಾಳನ್ನು ಕುರಿತು ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ದೊರೆತ ಮನ್ನಣೆಗಳು ಎರಡು: ಮುಖ್ಯಪಾತ್ರವನ್ನು ವಹಿಸಿದ ಸಂಚಾರಿ ವಿಜಯರಿಗೆ ಶ್ರೇಷ್ಠ ನಟನೆಂಬ ಪ್ರಶಸ್ತಿ, ಮತ್ತು ನಾಗರಾಜು, ರಾಜು ಎಂಬಿಬ್ಬರಿಗೆ ಪ್ರಸಾಧನ ಕಲೆಯ ಪ್ರಶಸ್ತಿ. ಇದೇ ಪ್ರಶಸ್ತಿಯನ್ನು ಹಿಂದೆ ಪಡೆದಿದ್ದ ‘ಚೋಮನ ದುಡಿ’ಯ ಎಂ. ವಿ. ವಾಸುದೇವರಾಯರ ಮತ್ತು ‘ತಬರನ ಕಥೆ’ಯ ಚಾರುಹಾಸನರ ಸಾಲಿಗೆ ಸೇರಿದ ವಿಜಯರ ಅಭಿನಯವು ಸಂಯಮಪೂರ್ಣವಾದುದು, 2021ರ ಜೂನ್ ತಿಂಗಳಲ್ಲಿ ಅಪಘಾತದಿಂದ ಅವರು ಅಕಾಲಮೃತ್ಯುವಿಗೆ ಈಡಾದುದು ಕನ್ನಡಕ್ಕೆ ತುಂಬಲಾರದ ನಷ್ಟ. ಆದರೆ ಎರಡೂ ಮನ್ನಣೆಗಳು ಯಾವುದಕ್ಕೆ ಸಂದವೆಂದು ವಿಚಾರಿಸಿದರೆ, ಒಂದು ವೇಷ ಧರಿಸಿದವನಿಗೆ, ಇನ್ನೊಂದು ವೇಷ ಕಟ್ಟಿದವರಿಗೆ ಎಂದೇ ಉತ್ತರ ಬರುತ್ತದೆ. ಚಿತ್ರಕ್ಕೆ ಆಧಾರವಾದ ಆತ್ಮಕಥನವನ್ನು ತಮಿಳಿನಲ್ಲಿ ಬರೆದ, ಡಾ. ತಮಿಳ್ ಸೆಲ್ವಿಯವರ ಅನುವಾದದಿಂದ ಕನ್ನಡಿಗರಿಗೆ ಪರಿಚಿತರಾದ ಲಿವಿಂಗ್ ಸ್ಮೈಲ್ ವಿದ್ಯಾ ಅವರು ಸ್ವತಃ ರಂಗನಟಿ. ಆದರೂ ಅವರ ಬಾಳು ತೆರೆಯನ್ನೇರಿದ್ದು ಪುರುಷನಟನ ದೇಹದ ಮೂಲಕ. ತೃತೀಯ ಲಿಂಗಿಗಳ ಅಸ್ಮಿತೆಯನ್ನು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಅಂಗೀಕರಿಸಿದ ಸಮಯದಲ್ಲಿಯೇ ಇದು ನಡೆಯಿತೆಂಬುದು ಗಮನಾರ್ಹ. ಇದರಿಂದ ಲಿಂಗದೇವರ ಸದಾಶಯಕ್ಕೆ ಕುಂದೇನೂ ಇಲ್ಲ. ‘ಮೌನಿ’ಯಿಂದಲೂ ರಾಷ್ಟ್ರಪ್ರಶಸ್ತಿ ಪಡೆದ ‘ಕಾಡ ಬೆಳದಿಂಗಳು’ ಚಿತ್ರದಿಂದಲೂ ಅವರು ಮೊದಲೇ ಸಂಪಾದಿಸಿಕೊಂಡಿದ್ದ ವಿಶ್ವಾಸವನ್ನು, ಬೇರೆಯವರು ಮುಟ್ಟಲಂಜುವ ವಸ್ತುವಿಗಾಗಿ ವ್ಯಯಿಸಿದರೆಂಬುದೇ ಶ್ಲಾಘ್ಯ.

ಎರಡನೆಯ ದಾರಿಯನ್ನು, ಎಂದರೆ ತಮ್ಮ ರಂಗಸ್ಥಳವನ್ನು ತಾವೇ ಕಟ್ಟಿಕೊಳ್ಳುವ ದಾರಿಯನ್ನು, ಹಿಡಿದವರಲ್ಲಿ ಪ್ರಮುಖರೂ ಕನ್ನಡನಾಡಿನವರೇ ಆಗಿದ್ದು ಕನ್ನಡದಲ್ಲಿ ವಿರಳವಾಗಿ ಚರ್ಚಿತರಾದವರೆಂದರೆ, ಮಂಡ್ಯದಲ್ಲಿ ಹುಟ್ಟಿ ಮುಂಬಯಿಯನ್ನು ಕಾರ್ಯಕ್ಷೇತ್ರವಾಗಿಸಿಕೊಂಡ ಶ್ರೀಧರ ರಂಗಾಯನ್. ಕಿರುತೆರೆಯ ಧಾರಾವಾಹಿಗಳಿಂದ ಜೀವನೋಪಾಯವನ್ನೂ ಕಸುಬಿನ ಪಳಗಿಕೆಯನ್ನೂ ಗಳಿಸಿಕೊಂಡ ಅವರು 2003ರಲ್ಲಿ ನಿರ್ಮಿಸಿದ ‘ಗುಲಾಬಿ ಆಯಿನಾ’ ಎಂಬ ಸುಮಾರು 40 ನಿಮಿಷಗಳ ಚಿತ್ರಕ್ಕೆ, ಅಶ್ಲೀಲವೂ ಆಕ್ಷೇಪಾರ್ಹವೂ ಆದುದೆಂಬ ಕಾರಣದಿಂದ ಚಲನಚಿತ್ರ ಪ್ರಮಾಣೀಕರಣ ಮಂಡಳಿಯು ಪ್ರಮಾಣಪತ್ರವನ್ನು ನಿರಾಕರಿಸಿತು; ಮತ್ತೆ ಅರ್ಜಿ ಹಾಕಿದರೂ ಫಲವಾಗಲಿಲ್ಲ. ಪ್ರಮಾಣಪತ್ರವಿಲ್ಲದ ಚಿತ್ರವನ್ನು 1952ರ ಚಲನಚಿತ್ರ ಕಾಯಿದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸುವಂತಿಲ್ಲ; ತೋರಿಸದ ಚಿತ್ರದಿಂದ ನಿರ್ದೇಶಕನಿಗೆ ಹೆಸರಿಲ್ಲ, ಹೆಸರಿಲ್ಲದವನಿಗೆ ಮುಂದಿನ ಬಂಡವಾಳವಿಲ್ಲ. ಈ ಜಾಲದಲ್ಲಿ ಉಳಿಯುವ ಒಂದು ಸಂದು ಚಿತ್ರೋತ್ಸವ: ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆದ ಉತ್ಸವದಲ್ಲಿ ಪ್ರಮಾಣಪತ್ರವಿಲ್ಲದ ಚಿತ್ರವನ್ನೂ ತೋರಿಸಬಹುದು. ವಿದೇಶದ ಉತ್ಸವಗಳಲ್ಲಿ ‘ಗುಲಾಬಿ ಆಯಿನಾ’ಕ್ಕೆ ದೊರೆತ ಪ್ರೇಕ್ಷಕರನ್ನು ಕಂಡ ರಂಗಾಯನ್ನರು 2010ರಲ್ಲಿ ಮುಂಬಯಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಚಿತ್ರಗಳ ‘ಕಶಿಶ್’ ಉತ್ಸವವನ್ನು ಸ್ಥಾಪಿಸಿ, ಅದನ್ನು ಅನುಮತಿಸಹಿತವಾಗಿ ಸಾಮಾನ್ಯ ಚಿತ್ರಮಂದಿರಕ್ಕೇ ಕೊಂಡೊಯ್ದರು. ಕಥೆ ಹೇಳುವುದಕ್ಕಿಂತ ಮೊದಲು ಕಥೆಗೆ ಸಭೆ ಕೂಡಿಸಬೇಕಾದ ಈ ದ್ವಿಗುಣಶ್ರಮದಲ್ಲಿ ನಿರ್ದೇಶಕನ ಎಷ್ಟು ಚಿತ್ರಗಳು ಹುಟ್ಟದೆ ಉಳಿದವೋ ಊಹೆಗೆ ಬಿಟ್ಟದ್ದು.

ರಂಗಾಯನ್ನರ ಸಾಕ್ಷ್ಯಚಿತ್ರ ‘ಬ್ರೇಕಿಂಗ್ ಫ್ರೀ’ 2015ರಲ್ಲಿ ಬಂದಿತು. ಅದರ ವಸ್ತು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೆಯ ಕಲಮಿನಿಂದ ಜನರು ಪಟ್ಟ ಬವಣೆ. ಸರ್ವೋಚ್ಚ ನ್ಯಾಯಾಲಯವು 2013ರ ಡಿಸೆಂಬರಿನಲ್ಲಿ ಎತ್ತಿಹಿಡಿದಿದ್ದ ಆ ಕಲಮು ಇನ್ನೂ ಜಾರಿಯಲ್ಲಿತ್ತು. ಆದರೂ 63ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಕಥೇತರ ವಿಭಾಗದ ಶ್ರೇಷ್ಠ ಸಂಕಲನಕ್ಕಾಗಿ ಈ ಚಿತ್ರವನ್ನು ಆರಿಸಲಾಯಿತು. ನಟನೆ, ಪ್ರಸಾಧನ, ಸಂಕಲನ: ರಾಜ್ಯಶಕ್ತಿಯು ಕೌಶಲವನ್ನು ಪುರಸ್ಕರಿಸಿ ಕಥೆಯ ವಿಷಯದಲ್ಲಿ ಮೌನ ತಾಳಿತೆಂದು ಇದನ್ನು ಆಕ್ಷೇಪಿಸಬಹುದು, ಆದರೆ ವಸ್ತುವನ್ನೊಪ್ಪದ ತೀರ್ಪುಗಾರನೂ ಕುಶಲತೆಯನ್ನು ನಿರಾಕರಿಸಲಾರನಾದ್ದರಿಂದ, ಇಂಥ ಕಥೆ ಹೇಳುವವರಿಗೆ ಕಸುಬಿನ ಶುದ್ಧಿಯು ಅಲಂಕಾರವಲ್ಲ, ರಹದಾರಿಯೇ ಆಗಿದೆಯೆಂದು ನನಗೆ ತೋರುತ್ತದೆ. 2018ರ ‘ಈವ್ನಿಂಗ್ ಶ್ಯಾಡೋಸ್’ ಚಿತ್ರದಲ್ಲಿ ರಂಗಾಯನ್ನರು ಹುಟ್ಟುನಾಡಿಗೆ ಮರಳಿದರು: ಮಗನ ಸಲಿಂಗಾನುರಾಗವನ್ನು ಅರಿತ ಸಂಪ್ರದಾಯಸ್ಥ ತಾಯಿಯ ತಳಮಳವನ್ನು ದಕ್ಷಿಣದ ಪುಟ್ಟ ಊರೊಂದರಲ್ಲಿಟ್ಟು, ಹಿತೈಷಿಗಳಿಂದ ಕೂಡಿಸಿದ ಹಣವನ್ನೂ ಬಳಸಿ ಚಿತ್ರಿಸಿದರು. ನೆಲ ನಮ್ಮದು, ಮಾತು ಹಿಂದಿ. ಬಂಡವಾಳವೂ ಬಳಗವೂ ಮುಂಬಯಿಯಲ್ಲಿರುವಾಗ ಇದರಲ್ಲಿ ಆಶ್ಚರ್ಯವಿಲ್ಲ, ಕನ್ನಡಕ್ಕೆ ನಾಚಿಕೆಯುಂಟು.

ಇಷ್ಟನ್ನು ಬೈತಖೋಲದಿಂದ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಕಾಳಿ ನದಿಯನ್ನೂ ಮಾಜಾಳಿಯ ಗೋವಾ ಗಡಿಯನ್ನೂ ದಾಟಿ ಸುಮಾರು ನೂರು ಕಿಲೋಮೀಟರು ಸಾಗಿದರೆ, 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವವು ನಡೆಯುತ್ತಿರುವ ಪಣಜಿ. ಬೆಂಗಳೂರಾದರೋ ಅದರ ಐದು ಪಾಲು ದೂರ. ಕೊಂಕಣಿ, ಮರಾಠಿ, ಕನ್ನಡಗಳು ಕಲೆತಿರುವ ಇಲ್ಲಿಯ ತರುಣನೊಬ್ಬನು ಇಂಥ ಚಿತ್ರ ತೆಗೆಯಹೊರಟರೆ ಅವನ ದಾರಿ ಉತ್ತರಕ್ಕೇ ತಿರುಗೀತು. ಜೂನ್, ಜುಲೈ ತಿಂಗಳುಗಳ ಮೀನುಗಾರಿಕೆಯ ನಿಷೇಧದಲ್ಲಿ ದೋಣಿಗಳು ದಡ ಸೇರಿರುವಾಗ, ಮೊಬೈಲಿನಲ್ಲಿ ಚಿತ್ರ ನೋಡುತ್ತ ಹೊತ್ತು ಕಳೆಯುವ ಖಲಾಸಿಗೂ ಈಗ ಎಲ್ಲ ಬಗೆಯ ಕಥೆಗಳೂ ಎಟುಕುವವು. ಆದರೆ ಒಬ್ಬೊಬ್ಬರೇ ಗುಟ್ಟಾಗಿ ನೋಡುವುದರಿಂದ ಹಳೆಯ ಒಡಂಬಡಿಕೆಗೆ ಧಕ್ಕೆ ಬಾರದು, ಅದು ಸಭೆಯಲ್ಲಿ ಆದದ್ದು.

ಆ ಒಡಂಬಡಿಕೆಯನ್ನು ಕನ್ನಡದಲ್ಲಿಯೇ ಧಿಕ್ಕರಿಸಿದುದಕ್ಕೆ 2021ರ ‘ನಾನು ಲೇಡೀಸ್’ ನಿದರ್ಶನ. ಇಬ್ಬರು ಸ್ತ್ರೀಯರ ಸಂಬಂಧವನ್ನು ಕುರಿತ ಈ ಚಿತ್ರದಲ್ಲಿ ನಿರ್ದೇಶಕಿ ಶೈಲಜಾ ಪಡಿಂದಲ ತಾವೇ ಪಾತ್ರವಹಿಸಿದರು. ನೆರೆಯ ಮಲಯಾಳದಲ್ಲಿ ಜಿಯೋ ಬೇಬಿ ಹಿಡಿದ ಕ್ರಮವು ಬೇರೆ: ಅಡುಗೆಮನೆಯಲ್ಲಿ ಸವೆಯುವ ಗೃಹಿಣಿಯ ಕಥೆಯಿಂದ 2021ರಲ್ಲಿ ಕೀರ್ತಿ ಗಳಿಸಿದ ಮೇಲೆಯೇ ಅವರು 2023ರಲ್ಲಿ ‘ಕಾದಲ್’ ತೆಗೆದರು, ಸಲಿಂಗಾನುರಾಗಿ ಗೃಹಸ್ಥನ ಪಾತ್ರವನ್ನು ಮಮ್ಮುಟ್ಟಿ ವಹಿಸಿದ್ದಲ್ಲದೆ ಅವರ ಸಂಸ್ಥೆಯೇ ಹಣ ಹೂಡಿತು, ಮತ್ತು ಕೇರಳ ರಾಜ್ಯದ ಪ್ರಶಸ್ತಿಯು ನಟನೆಗಾಗಲಿ ಸಂಕಲನಕ್ಕಾಗಲಿ ಸೀಮಿತವಾಗದೆ ಶ್ರೇಷ್ಠ ಚಿತ್ರವೆಂದೇ ಅದಕ್ಕೆ ಸಂದಿತು. ವಿಶ್ವಾಸವನ್ನು ಮೊದಲು ಗಳಿಸಿ ಅನಂತರ ವ್ಯಯಿಸುವ ವಿಷಯದಲ್ಲಿ ಜಿಯೋ ಬೇಬಿಯವರೂ ಲಿಂಗದೇವರೂ ಸಮಾನರು. ಭೇದವಿರುವುದು ಹೆಗಲು ಕೊಟ್ಟವರಲ್ಲಿ. ಕನ್ನಡದ ತಾರೆಯರಲ್ಲಿ ತನ್ನ ಹಣವನ್ನೂ ಮುಖವನ್ನೂ ಒಟ್ಟಿಗೆ ಇಂಥ ಕಥೆಗೆ ಒಪ್ಪಿಸಿದವರನ್ನು ನಾನು ಕಾಣೆನು.